ಮೊಣಕಾಲು ಸವೆದವರಿಗೆ ವ್ಯಾಯಾಮ: ಎಷ್ಟು, ಹೇಗೆ, ಎಲ್ಲಿ ನಿಲ್ಲಿಸಬೇಕು

‘ಮೊಣಕಾಲು ಹಿಡದದ, ನಡೀಲಾಕ ಬರ್ತಿಲ್ಲ’ ಎಂಬ ಮಾತು ಕಲಬುರಗಿ, ಬೀದರ್, ಯಾದಗಿರಿಯ ಯಾವ ಓಣಿಗೆ ಹೋದರೂ ಕೇಳುತ್ತದೆ. ಅದರ ಹಿಂದೆಯೇ ‘ಸುಮ್ಮನೆ ಕೂಡ್ರಿ, ಅಡ್ಡಾಡಬ್ಯಾಡ್ರಿ’ ಎಂಬ ಸಲಹೆ ಬರುತ್ತದೆ. ಹೇಳುವವರದು ಪ್ರೀತಿಯ ಮಾತೇ. ಆದರೆ ಸಂಧಿವಾತಕ್ಕೆ ಅಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ.

ಕೀಲಿನ ಮೃದ್ವಸ್ಥಿಗೆ, ಅಂದರೆ ಮೂಳೆಯ ತುದಿಯ ನುಣುಪಾದ ಹೊದಿಕೆಗೆ, ರಕ್ತನಾಳಗಳಿಲ್ಲ. ಕೀಲು ಅಲುಗಾಡಿ ಒತ್ತಡ ಬಿದ್ದು ಬಿಟ್ಟಾಗ ಒಳಗಿನ ದ್ರವ ಅದರೊಳಗೆ ಹೋಗಿ ಬರುತ್ತದೆ, ಅದೇ ಅದರ ಆಹಾರ. ಕೂತೇ ಇದ್ದರೆ ಆ ಆಹಾರ ಕಡಿಮೆಯಾಗುತ್ತದೆ. ಜೊತೆಗೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ. ನಡೆಯುವಾಗ ಬೀಳುವ ಏಟನ್ನು ಮೊದಲು ತಡೆಯಬೇಕಾದದ್ದು ಆ ಸ್ನಾಯು. ಅದು ಸೋತರೆ ಏಟೆಲ್ಲ ನೇರವಾಗಿ ಕೀಲಿಗೆ ಬೀಳುತ್ತದೆ, ನೋವು ಹೆಚ್ಚುತ್ತದೆ, ನಡಿಗೆ ಇನ್ನೂ ಕಡಿಮೆಯಾಗುತ್ತದೆ. ಈ ಸುತ್ತನ್ನು ಮುರಿಯಬೇಕಾದರೆ ತೊಡೆಗೆ ಬಲ ತುಂಬಬೇಕು.

<b>ಮೊದಲು ಇದು ಯಾವ ನೋವು ನೋಡಿ</b>

ಇಲ್ಲಿ ಹೇಳುವುದು ಮುಖ್ಯವಾಗಿ ಸವೆತದ ಸಂಧಿವಾತಕ್ಕೆ. ಅದರಲ್ಲಿ ಬೆಳಿಗ್ಗೆ ಎದ್ದಾಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲಾಗುತ್ತದೆ, ಕೆಲಸ ಮಾಡಿದಷ್ಟೂ ನೋವು ಏರುತ್ತದೆ. ಬಿಗಿತ ಒಂದು ಗಂಟೆಗೂ ಹೆಚ್ಚು ಇದ್ದು, ಎರಡೂ ಕೈಗಳ ಬೆರಳ ಬುಡ, ಮಣಿಕಟ್ಟು ಊದಿಕೊಂಡರೆ ಅದು ರುಮಟಾಯ್ಡ್ ಇರಬಹುದು, ಅಂದರೆ ದೇಹದ ರಕ್ಷಣಾ ಶಕ್ತಿಯೇ ಕೀಲಿನ ಮೇಲೆ ತಿರುಗಿ ಬೀಳುವ ಸಂಧಿವಾತ. ಅದಕ್ಕೆ ಬೇರೆ ಔಷಧಿ ಬೇಕು. ತಡ ಮಾಡಿದಷ್ಟೂ ಕೀಲು ಕೆಡುತ್ತದೆ. ಚಿಕುನ್‌ಗುನ್ಯಾ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಕೀಲು ನೋಯುವುದೂ ಉಂಟು. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಬೆನ್ನು, ಕುತ್ತಿಗೆ, ಕೀಲು ಎಲ್ಲ ಸೆಡೆತು ನಿಂತರೆ ನೀರನ್ನೇ ಪರೀಕ್ಷೆ ಮಾಡಿಸಬೇಕು. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ.

ಕೀಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲಿಗೆ ಭಾರ ಹಾಕಲಾಗದಿದ್ದರೆ, ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದ್ದರೆ ವ್ಯಾಯಾಮದ ಮಾತೇ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮೊಣಕಾಲು ಮಧ್ಯದಲ್ಲಿ ಸಿಕ್ಕಿಕೊಂಡು ಬಿಚ್ಚಲಾಗದಿದ್ದರೂ ಮೂಳೆ ವೈದ್ಯರಿಗೆ ತೋರಿಸಿದ ಮೇಲೆಯೇ ಶುರು ಮಾಡಿ.

<b>ನೋವಿನ ಅಳತೆ</b>

ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಿ. ವ್ಯಾಯಾಮ ಮಾಡುವಾಗ ಮೂರರವರೆಗೆ ನೋವಾದರೆ ಚಿಂತೆಯಿಲ್ಲ. ನಾಲ್ಕು, ಐದು ಆದರೆ ಎಣಿಕೆ ಇಳಿಸಿ. ಅದಕ್ಕೂ ಮೇಲೆ ಹೋದರೆ ನಿಲ್ಲಿಸಿ. ಇದಕ್ಕಿಂತ ಮುಖ್ಯವಾದದ್ದು ಮರುದಿನದ ಬೆಳಗು. ಏರಿದ ನೋವು 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ನೀವು ಮಾಡಿದ ಪ್ರಮಾಣ ಸರಿ. ಇಳಿಯದಿದ್ದರೆ, ಅಥವಾ ಕೀಲು ಊದಿದ್ದರೆ, ಮುಂದಿನ ಸಲ ಅರ್ಧ ಮಾಡಿ. ಪೂರ್ತಿ ಬಿಡಬೇಡಿ. ಹೆಚ್ಚಿನವರು ಸೋಲುವುದು ಇಲ್ಲಿಯೇ: ಮೊದಲ ದಿನ ಹುರುಪಿನಿಂದ ಅತಿ ಮಾಡಿ, ಮರುದಿನ ಊದಿಸಿಕೊಂಡು, ‘ವ್ಯಾಯಾಮ ನನಗಾಗಲ್ಲ’ ಎಂದು ಕೈಬಿಡುತ್ತಾರೆ.

<b>ಮಾಡುವ ಕ್ರಮ</b>

ನೆಲಕ್ಕೆ ಕೂತು ಏಳುವುದು ಕಷ್ಟವಾದವರು ಹಲಗೆಯ ಮಂಚದ ಮೇಲೆ ಮಾಡಲಿ. ಹೊರಸು ಬೇಡ, ಅದರಲ್ಲಿ ನಡು ಕುಸಿಯುತ್ತದೆ. ಮೊದಲು ಮಲಗಿಕೊಂಡು ಹಿಮ್ಮಡಿಯನ್ನು ಹಾಸಿಗೆ ಮೇಲೆಯೇ ಜಾರಿಸುತ್ತ ಮೊಣಕಾಲು ಮಡಚಿ ಚಾಚಿ, ಹತ್ತು ಸಲ. ಕೀಲು ಸಡಿಲಾಗುತ್ತದೆ.

ನಂತರ ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಕ್ಕೆ ಒತ್ತಿ. ತೊಡೆಯ ಮೇಲೆ ಕೈಯಿಟ್ಟರೆ ಸ್ನಾಯು ಕಲ್ಲಿನಂತೆ ಗಟ್ಟಿಯಾಗಿದ್ದು ತಿಳಿಯಬೇಕು. ತಿಳಿಯದಿದ್ದರೆ ನೀವು ಒತ್ತುತ್ತಿರುವುದು ಸೊಂಟದಿಂದ. ಐದು ಎಣಿಸುವವರೆಗೆ ಹಿಡಿದು ಬಿಡಿ, ಹತ್ತು ಸಲ. ಎಣಿಕೆಯನ್ನು ಬಾಯಿಬಿಟ್ಟು ಮಾಡಿ. ಮನಸ್ಸಿನಲ್ಲಿ ಎಣಿಸುವವರು ಉಸಿರು ಬಿಗಿಹಿಡಿಯುತ್ತಾರೆ, ಬಿಪಿ ಏರುತ್ತದೆ.

ಮೂರನೆಯದು ಕಾಲೆತ್ತುವುದು. ಅಂಗಾತ ಮಲಗಿ, ಒಂದು ಮೊಣಕಾಲು ಮಡಚಿ ಪಾದ ಊರಿ. ಇನ್ನೊಂದು ಕಾಲಿನ ಮೊಣಕಾಲನ್ನು ಮೊದಲು ಪೂರ್ತಿ ಬಿಗಿ ಮಾಡಿ, ಆಮೇಲೆ ಒಂದಡಿಯಷ್ಟು ಎತ್ತಿ. ಐದು ಎಣಿಸಿ ನಿಧಾನ ಇಳಿಸಿ. ಹತ್ತು ಸಲಕ್ಕೆ ಒಂದು ಸುತ್ತು. ಒಂದು ಸುತ್ತಿನಿಂದ ಶುರು ಮಾಡಿ ಕೆಲವು ವಾರಗಳಲ್ಲಿ ಮೂರಕ್ಕೆ ಏರಿಸಿ. ಒಂದಡಿಗಿಂತ ಮೇಲೆ ಎತ್ತಿದರೆ ಹೆಚ್ಚೇನೂ ಸಿಗುವುದಿಲ್ಲ. ಮೊಣಕಾಲು ಸಡಿಲಬಿಟ್ಟು ಎತ್ತಿದರೆ ತೊಡೆಗೆ ಕೆಲಸವೇ ಬೀಳುವುದಿಲ್ಲ. ನಡು ನೋಯುವವರು ಅರ್ಧ ಅಡಿ ಎತ್ತಿದರೂ ಸಾಕು.

ನಾಲ್ಕನೆಯದು ಕುರ್ಚಿಯಿಂದ ಏಳುವುದು. ಎಲ್ಲಕ್ಕಿಂತ ಬೆಲೆಬಾಳುವ ವ್ಯಾಯಾಮ ಇದೇ, ಏಕೆಂದರೆ ದಿನವಿಡೀ ಮಾಡಬೇಕಾದ ಕೆಲಸವೂ ಇದೇ. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಕಲ್ಲಿನ ಫರ್ಸಿ ಹೆಚ್ಚು. ಸವೆದು ನುಣುಪಾದ ಫರ್ಸಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತದೆ, ಆದ್ದರಿಂದ ಅದರ ಬೆನ್ನು ಗೋಡೆಗೆ ತಾಗಿರಲಿ. ಕುರ್ಚಿ ತಗ್ಗಿದ್ದರೆ ಕೌದಿ ಮಡಚಿ ಹಾಕಿ ಎರಡು ಮೂರು ಇಂಚು ಎತ್ತರಿಸಿ. ತಗ್ಗಿದ್ದಷ್ಟೂ ಮೊಣಕಾಲಿಗೆ ಭಾರ ಜಾಸ್ತಿ. ಅಂಚಿಗೆ ಸರಿದು ಕೂತು, ಹಿಮ್ಮಡಿಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ತನ್ನಿ. ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಿ. ಮೂರು ಎಣಿಸುತ್ತ ಕೂಡ್ರಿ. ದೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು, ಏಕೆಂದರೆ ಸ್ನಾಯು ಗಟ್ಟಿಯಾಗುವುದು ಇಳಿಯುವಾಗಲೂ ಹೌದು. ಮೊಣಕಾಲುಗಳು ಒಳಗೆ ವಾಲಿ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಐದು ಸಲದಿಂದ ಹತ್ತಕ್ಕೆ ಹೋಗಿ. ಕೈಯೂರಿ ಎದ್ದರೂ ಮೊದಲಿಗೆ ನಡೆಯುತ್ತದೆ.

ಕೊನೆಗೆ ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ, ಕಾಲನ್ನು ಪಕ್ಕಕ್ಕೆ ಎತ್ತುವುದು ಹತ್ತು ಸಲ. ಬಲದ ಈ ವ್ಯಾಯಾಮಗಳು ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವಿರಲಿ. ಮೊದಲಿನ ಎರಡು ವ್ಯಾಯಾಮಗಳನ್ನು ದಿನಾಲೂ ಮಾಡಬಹುದು. ಗುಣ ತಿಳಿಯಲು ಆರರಿಂದ ಎಂಟು ವಾರ ಬೇಕು.

<b>ನಡಿಗೆ</b>

ಗುರಿ ವಾರಕ್ಕೆ 150 ನಿಮಿಷ, ಆದರೆ ಒಂದೇ ಸಲಕ್ಕೆ ಉದ್ದ ನಡೆಯಬೇಕಿಲ್ಲ. ಹತ್ತು ನಿಮಿಷದ ನಡಿಗೆ ದಿನಕ್ಕೆ ಎರಡು ಸಲ ಮಾಡಿದರೆ ಅದರ ಹತ್ತಿರ ಬಂದಂತೆ. ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ, ಹಾಗಾಗಿ ಮಾರ್ಚ್‌ನಿಂದ ಜೂನ್ ಮಳೆಯವರೆಗೆ ಬೆಳಿಗ್ಗೆ ಏಳರೊಳಗೆ ಮುಗಿಸಿ, ಇಲ್ಲವೇ ಮನೆಯ ಪಡಸಾಲೆಯಲ್ಲೇ ನಡೆಯಿರಿ. ಫರ್ಸಿಯ ಮೇಲೆ ಬರಿಗಾಲಲ್ಲಿ ಬೇಡ, ಮೆತ್ತನೆ ಅಟ್ಟೆಯ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಒದ್ದೆ ಫರ್ಸಿಯ ಮೇಲಂತೂ ಕಾಲೇ ಇಡಬೇಡಿ. ಬೀದರ್ ಕೋಟೆಯಂಥ ಏರುಪೇರಿನ ಜಾಗಕ್ಕಿಂತ ಸಮತಟ್ಟಾದ ಮೈದಾನ ಒಳ್ಳೆಯದು. ಇಳಿಜಾರು ಇಳಿಯುವಾಗ ಮೊಣಚಿಪ್ಪಿನ ಹಿಂದೆ ಒತ್ತಡ ಹೆಚ್ಚು. ತೂಕವಿದ್ದವರು ಒಂದು ಕೆಜಿ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಇಳಿಯುತ್ತದೆ.

<b>ರೊಟ್ಟಿ, ಕಳೆ, ಶೌಚ</b>

ವ್ಯಾಯಾಮ ಅರ್ಧ ಗಂಟೆ, ಉಳಿದದ್ದು ದಿನದ ಕೆಲಸ. ನೆಲಕ್ಕೆ ಕೂತು ಒಂದೇ ಸಲಕ್ಕೆ ಎರಡು ಗಂಟೆ ಕಡಕ್ ರೊಟ್ಟಿ ಬಡಿದರೆ ಮೊಣಕಾಲೂ ಹೆಬ್ಬೆರಳ ಬುಡವೂ ಎರಡೂ ಏಟು ತಿನ್ನುತ್ತವೆ. ಒಲೆಯನ್ನು ಕಟ್ಟೆಯ ಮೇಲೆ ತನ್ನಿ. ಹಿಟ್ಟು ನಾದುವ ಪರಾತ ಮೊಣಕೈಗಿಂತ ಸ್ವಲ್ಪ ಕೆಳಗಿರಲಿ, ಆಗ ಮೈಯ ಭಾರ ನಾದುತ್ತದೆ, ಹೆಬ್ಬೆರಳಿಗೆ ಒತ್ತು ಬೀಳದು. ಒಂದು ಸಲಕ್ಕೆ ಒಂದು ರೊಟ್ಟಿಗೆ ಆಗುವಷ್ಟೇ ಹಿಟ್ಟು ನಾದಿ. ಇಪ್ಪತ್ತು ನಿಮಿಷಕ್ಕೊಮ್ಮೆ ಬಿಟ್ಟು ನಾಲ್ಕು ಹೆಜ್ಜೆ ಅಡ್ಡಾಡಿ. ಕೈ ಬಿಗಿದಿದ್ದರೆ ಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ಅದ್ದಿ ಮುಷ್ಟಿ ಕಟ್ಟಿ ಬಿಚ್ಚಿ.

ಹೊಲದಲ್ಲಿ ಕುಕ್ಕರಗಾಲಲ್ಲಿ ಕಳೆ ತೆಗೆಯುವವರು ಉದ್ದ ಹಿಡಿಯ ಸಲಕರಣೆ ಬಳಸಲಿ. ಕಮೋಡ್ ಹಾಕಿಸಲು ಆಗದಿದ್ದರೆ ಕುಕ್ಕರಗಾಲಲ್ಲಿ ಕೂಡುವ ಶೌಚದ ಮೇಲೆ ಇಡುವ ಕಬ್ಬಿಣದ ಕುರ್ಚಿ ಸಿಗುತ್ತದೆ. ಗೋಡೆಗೊಂದು ಹಿಡಿಕೆ ಹೊಡೆಸಿ.

<b>ಶಾಖ, ಮಂಜು, ಗುಳಿಗೆ</b>

ಬಿಗಿತಕ್ಕೆ ಶಾಖ, ವ್ಯಾಯಾಮಕ್ಕೆ ಮುಂಚೆ 15 ನಿಮಿಷ. ಊತಕ್ಕೆ ತಣ್ಣನೆಯದು, ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಶಾಖ ಕೊಡಬೇಡಿ, ಚರ್ಮ ಸುಡುತ್ತದೆ. ಮಧುಮೇಹದಿಂದ ಕಾಲು ಜೋಮು ಹಿಡಿದವರಿಗೆ ಬಿಸಿ ಗೊತ್ತಾಗುವುದಿಲ್ಲ, ಅವರ ಶಾಖದ ನೀರನ್ನು ಬೇರೆಯವರು ಮುಟ್ಟಿ ನೋಡಲಿ.

ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆಯನ್ನು ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವವರ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿ ಕೆಡಬಹುದು. ಬೆವರಿ ನೀರು ಕಡಿಮೆಯಾಗುವ ನಮ್ಮ ಬೇಸಿಗೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬಿಪಿ, ಹೃದಯ, ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಚೀಟಿಯಿಲ್ಲದ ಪುಡಿ ತಿಂದು ಒಂದೇ ದಿನದಲ್ಲಿ ನೋವೆಲ್ಲ ಹೋದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಂಶಯ ಪಡಿ. ಬಹಳ ದಿನ ತಿಂದಿದ್ದರೆ ಥಟ್ಟನೆ ನಿಲ್ಲಿಸದೆ ಪೊಟ್ಟಣ ಸಮೇತ ಆಸ್ಪತ್ರೆಗೆ ಹೋಗಿ.

ಕೋಲು ಹಿಡಿಯಲು ನಾಚಿಕೆ ಬೇಡ. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ (ಬಲಗಾಲು ನೋಯುತ್ತಿದ್ದರೆ ಎಡಗೈಯಲ್ಲಿ) ಹಿಡಿದು, ಅದನ್ನೂ ನೋವಿನ ಕಾಲನ್ನೂ ಒಟ್ಟಿಗೆ ಮುಂದಿಡಿ. ಚಪ್ಪಲಿ ಹಾಕಿ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು, ಉದ್ದವಾದರೆ ಕೊಯ್ಯಿಸಿ, ತುದಿಗೆ ರಬ್ಬರ್ ಬಿರಡೆ ಹಾಕಿಸಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು.