ಹೊಲಿಗೆ ಅಂಗಡಿಯ ಕಪಾಟು: ಯಾರಿಗೆ ಯಾವ ಪುಸ್ತಕ ಕೊಟ್ಟೆ

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಎರಡು ಮಷಿನ್, ಒಂದು ಕಟಿಂಗ್ ಮೇಜು, ಬಾಗಿಲ ಪಕ್ಕ ಒಂದು ಬೆಂಚು. ಆ ಬೆಂಚಿನ ಮೇಲೆ ಯಾವಾಗಲೂ ಯಾರಾದರೂ ಕಾಯುತ್ತಾ ಕೂತಿರುತ್ತಾರೆ. ಬ್ಲೌಸಿಗೆ ಹುಕ್ ಆಗಬೇಕು, ಸೀರೆಗೆ ಫಾಲ್ ಆಗಬೇಕು, ಮಗಳ ಯೂನಿಫಾರಂ ಉದ್ದ ಬಿಡಿಸಬೇಕು. 2016ರಲ್ಲಿ ಮನೆಯಲ್ಲಿದ್ದ 31 ಪುಸ್ತಕ ತಂದು ಬೆಂಚಿನ ಮೇಲೆ ಹಲಗೆ ಹೊಡೆಸಿ ಇಟ್ಟೆ. ಸುಮ್ನೆ ಕೂತವರು ತಿರುವಿ ಹಾಕಲಿ ಎಂದಷ್ಟೇ ಅಂದುಕೊಂಡಿದ್ದೆ. ಈಗ ಅಲ್ಲಿ 340 ಪುಸ್ತಕ ಇವೆ. ದುಡ್ಡಿಲ್ಲ, ಠೇವಣಿ ಇಲ್ಲ. ಅಳತೆ ಬರೆಯುವ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲೇ ಹೆಸರು, ಪುಸ್ತಕ, ತಾರೀಕು ಬರೆದುಕೊಳ್ಳುತ್ತೇನೆ.

ಮೊದಲ ವರ್ಷ ನಾನು ಮಾಡಿದ ತಪ್ಪು ಇವತ್ತಿಗೂ ಮನಸ್ಸಿನಲ್ಲಿದೆ. ಒಬ್ಬರು ಗಿರಾಕಿ, ಮದುವೆಯಾದ ಮೇಲೆ ಪುಸ್ತಕವನ್ನೇ ಮುಟ್ಟಿರಲಿಲ್ಲ. 'ಏನಾದರೂ ಒಳ್ಳೆಯದು ಕೊಡಿ' ಎಂದರು. ಒಳ್ಳೆಯದು ಎಂದ ಕೂಡಲೇ ನಾನು 'ಮಲೆಗಳಲ್ಲಿ ಮದುಮಗಳು' ತೆಗೆದುಕೊಟ್ಟೆ. ಕುವೆಂಪು ನಮ್ಮ ಜಿಲ್ಲೆಯವರೇ, ಕತೆ ನಮ್ಮ ಮಲೆನಾಡಿನದೇ, ಇದಕ್ಕಿಂತ ದೊಡ್ಡದು ಏನಿದೆ ಎಂಬುದು ನನ್ನ ಲೆಕ್ಕ. ಏಳುನೂರು ಪುಟ. ತುಂಬಾ ಪಾತ್ರಗಳು, ಒಂದು ಎಳೆ ಹಿಡಿದು ಹೊರಟರೆ ಇನ್ನೊಂದು ಎಳೆ ಅಡ್ಡ ಬರುವ ಕತೆ. ಒಂದೂವರೆ ತಿಂಗಳ ಮೇಲೆ ಮಗನ ಕೈಯಲ್ಲಿ ವಾಪಸ್ ಕಳಿಸಿದರು. ಅಮ್ಮನಿಗೆ ಓದೋಕೆ ಬರಲ್ಲ ಅಂತೆ ಎಂದ ಆ ಹುಡುಗ. ಓದಲು ಬರುತ್ತಿತ್ತು. ತಮ್ಮ ಕೈಲಾಗದು ಎಂದು ಅವರಿಗೆ ಅನ್ನಿಸುವ ಹಾಗೆ ಮಾಡಿದ್ದು ನಾನು. ಆಮೇಲೆ ಅವರು ಬಟ್ಟೆ ಹೊಲಿಸಲಿಕ್ಕೂ ಬರಲಿಲ್ಲ.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಯಾವ ತರದ ಪುಸ್ತಕ ಇಷ್ಟ ಎಂದು ಈಗ ಮೊದಲು ಕೇಳುವುದೇ ಇಲ್ಲ. ಆ ಪ್ರಶ್ನೆಗೆ ಉತ್ತರ ಗೊತ್ತಿರುವವರು ತಾವೇ ಹುಡುಕಿಕೊಳ್ಳುತ್ತಾರೆ. ನಾನು ಕೇಳುವುದು ಬೇರೆ. ದಿನದಲ್ಲಿ ಯಾವ ಹೊತ್ತು ಬಿಡುವು? ಒಂದೇ ಸಲಕ್ಕೆ ಎಷ್ಟು ಹೊತ್ತು ಕೂರೋಕಾಗುತ್ತೆ? ಅಕ್ಷರ ಕಾಣುತ್ತಾ, ಕನ್ನಡಕ ಬೇಕಾ? ಕೊನೆಗೆ ಪೂರ್ತಿ ಓದಿದ್ದು ಯಾವುದು? ಬಟ್ಟೆಗೆ ಅಳತೆ ತೆಗೆದ ಹಾಗೇ. ಎದೆ ಸುತ್ತಳತೆ ಗೊತ್ತಿಲ್ಲದೆ ಕತ್ತರಿ ಹಾಕುತ್ತೇವಾ?

ಓದು ಬಿಟ್ಟು ವರ್ಷಗಳಾದ ಹೆಂಗಸರಿಗೆ ನಾನು ಮೊದಲು ಕೊಡುವುದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. ತೆಳ್ಳಗಿದೆ, ಭಾಷೆ ಮನೆಯದು. ಇಂದಿರಾ ತೀರ್ಥಹಳ್ಳಿಯವರು. ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಜೀವನಪೂರ್ತಿ ಬೇರೆಯವರ ಮನೆಗೆಲಸ, ಬಾಣಂತನ ಮಾಡಿದ ಹೆಂಗಸಿನ ಕತೆ ಅದು. ಆಕೆ ನಿಜವಾಗಿ ಬಾಳಿದವರು. ಈ ಪುಸ್ತಕ ಒಯ್ದವರಲ್ಲಿ ಅರ್ಧಕ್ಕರ್ಧ ಜನ ಮಾರನೇ ವಾರ ಬಂದು ತಮ್ಮ ಮನೆಯಲ್ಲೂ ಇದ್ದ ಅಂಥ ಒಬ್ಬ ಅಜ್ಜಿಯ ಸುದ್ದಿ ಹೇಳುತ್ತಾರೆ. ಅಷ್ಟಾದ ಮೇಲೆ ಅವರಿಗೆ ಮುಂದಿನ ಪುಸ್ತಕ ಕೊಡುವುದು ಸುಲಭ.

ಇನ್ನೊಂದು ದಾರಿ ಸಿನಿಮಾ. ಪುಟ್ಟಣ್ಣ ಕಣಗಾಲರ 1971ರ 'ಶರಪಂಜರ' ನೋಡದ ಐವತ್ತು ದಾಟಿದ ಹೆಂಗಸರು ನನ್ನ ಅಂಗಡಿಗೆ ಬಂದದ್ದು ಕಮ್ಮಿ. ಅದು ತ್ರಿವೇಣಿಯವರ ಕಾದಂಬರಿ ಎಂದು ಹೇಳಿ ಪುಸ್ತಕ ಕೈಗಿಡುತ್ತೇನೆ. ಕಲ್ಪನಾ ಮುಖ ಕಣ್ಣ ಮುಂದೆ ಇರುತ್ತದೆ, ಓದು ತಾನಾಗಿ ಓಡುತ್ತದೆ.

ಕತೆಯಲ್ಲದ ಪುಸ್ತಕದ ವಿಷಯದಲ್ಲಿ ನನ್ನ ಊಹೆ ಸುಳ್ಳಾಯಿತು. ಅಡುಗೆ, ಮನೆಮದ್ದು, ಕಸೂತಿ ಪುಸ್ತಕಗಳೇ ಜಾಸ್ತಿ ಹೋಗುತ್ತವೆ ಎಂದುಕೊಂಡಿದ್ದೆ. ಅವನ್ನು ಬೆಂಚಿನ ಮೇಲೇ ತಿರುವಿ, ಬೇಕಾದ ಪುಟದ ಫೋಟೋ ತೆಗೆದುಕೊಂಡು ವಾಪಸ್ ಇಡುತ್ತಾರೆ. ಮನೆಗೆ ಹೋಗುವುದು ಆತ್ಮಕಥೆಗಳು. ವಿಜಯಾ ಅವರ 'ಕುದಿ ಎಸರು' ನಾಲ್ಕು ವರ್ಷದಲ್ಲಿ ಎರಡು ಪ್ರತಿ ಸವೆದು ಹೋಯಿತು. ಅದಕ್ಕೆ 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ ಎನ್ನುವುದು ಯಾರಿಗೂ ಮುಖ್ಯವಾಗಲಿಲ್ಲ. ಎಸರು ಕುದಿಯುವುದು ಎಂದರೆ ಏನು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇದನ್ನು ನಾನು ಎಲ್ಲರಿಗೂ ಕೊಡುವುದಿಲ್ಲ. ಮದುವೆಯೊಳಗೆ ತಿಂದ ಪೆಟ್ಟಿನ ವಿವರ ಅದರಲ್ಲಿದೆ. ಮನೆಯಲ್ಲಿ ಅದೇ ಕಷ್ಟ ನಡೆಯುತ್ತಿರುವವರಿಗೆ ಮೊದಲು ವಿಷಯ ಹೇಳಿ, ಬೇಕಾ ಎಂದು ಕೇಳಿ ಕೊಡುತ್ತೇನೆ. ಒಬ್ಬರು ಬೇಡ ಎಂದು ಇಟ್ಟುಹೋದರು. ಆರು ತಿಂಗಳ ಮೇಲೆ ತಾವೇ ಬಂದು ಕೇಳಿ ಒಯ್ದರು.

ಗಂಡಸರ ಸಂಗತಿ ಬೇರೆ. ಹೆಂಡತಿಯ ಬ್ಲೌಸಿಗೆ ಕಾಯುವ ಗಂಡ ಕಾದಂಬರಿ ಮುಟ್ಟುವುದಿಲ್ಲ. ಪಕ್ಕದ ಸ್ಟ್ಯಾಂಡಿನ ಒಬ್ಬ ಆಟೋದವರಿಗೆ ತೇಜಸ್ವಿಯವರ 'ಕಾಡಿನ ಕಥೆಗಳು' ಕೊಟ್ಟೆ. ಕೆನೆತ್ ಆಂಡರ್ಸನ್ ಎಂಬ ಬೇಟೆಗಾರನ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದದ್ದು, ನಾಲ್ಕು ಭಾಗ. ಎರಡು ಬಾಡಿಗೆ ನಡುವೆ ಒಂದು ಬೇಟೆ ಮುಗಿಯುತ್ತದೆ. ನಾಲ್ಕೂ ಭಾಗ ಓದಿ ಆದ ಮೇಲೆ 'ಕರ್ವಾಲೊ' ಕೊಟ್ಟೆ. ಮೂಡಿಗೆರೆಯ ಕಾಡು, ಜೇನು ಹಿಡಿಯುವ ಮಂದಣ್ಣ, ಹಾರುವ ಓತಿಯ ಹಿಂದೆ ಬಿದ್ದ ವಿಜ್ಞಾನಿ. 1980ರ ಪುಸ್ತಕ, ಇವತ್ತಿಗೂ ನನ್ನ ಕಪಾಟಿನಲ್ಲಿ ಒಂದು ವಾರ ಪೂರ್ತಿ ನಿಂತದ್ದಿಲ್ಲ. ಓದಲು ಬೇಜಾರು ಎನ್ನುವ ಯಾವ ವಯಸ್ಸಿನವರಿಗಾದರೂ ನಾನು ಕಣ್ಣು ಮುಚ್ಚಿ ಕೊಡುವ ಒಂದೇ ಕಾದಂಬರಿ ಇದು.

ಕಾಲೇಜು ಹುಡುಗರಿಗೆ ಸಿದ್ದಲಿಂಗಯ್ಯನವರ 'ಊರುಕೇರಿ'. ಇಬ್ಬರು ಗಂಡಸರು ಎತ್ತಿನ ಹಾಗೆ ಹೆಗಲ ಮೇಲೆ ನೊಗ ಹೊತ್ತು ಹೊಲದಲ್ಲಿ ನಡೆಯುತ್ತಿದ್ದಾರೆ, ಅವರಲ್ಲಿ ಒಬ್ಬರು ಬರೆದವರ ಅಪ್ಪ. ಇಷ್ಟು ಹೇಳಿ ಕೊಡುತ್ತೇನೆ. ಇಡೀ ಪುಸ್ತಕ ಹೀಗೇ ಇರುತ್ತಾ ಎಂದು ಒಬ್ಬ ಹುಡುಗಿ ಕೇಳಿದಳು. ಇಲ್ಲ, ತುಂಬಾ ನಗಿಸುತ್ತದೆ ಎಂದೆ. ಎರಡೂ ನಿಜ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಎರಡು ವಾರ ಬೆಂಚಿನ ತುಂಬಾ ಅದೇ ಮಾತು. ಯಾವತ್ತೂ ಪುಸ್ತಕ ಕೇಳದವರೂ ಅವರ ಕತೆ ಇದೆಯಾ ಎಂದು ಕೇಳಿದರು. ನನ್ನ ಬಳಿ ಒಂದೇ ಪ್ರತಿ ಇತ್ತು. ಅದಕ್ಕೆ ಒಬ್ಬರಿಗೆ ಒಂದೇ ಕತೆ, ಇಲ್ಲೇ ಕೂತು ಓದಿ ಎಂದು ನಿಯಮ ಮಾಡಿದೆ. ನನ್ನ ಮುಸ್ಲಿಂ ಗಿರಾಕಿಗಳಲ್ಲಿ ಇಬ್ಬರು ಒಂದು ಕತೆ ಓದಿ, ಅದರ ಮನೆ ತಮ್ಮ ಬೀದಿಯಲ್ಲೇ ಇದೆ ಎಂಬಂತೆ ಜೋರಾಗಿ ವಾದ ಮಾಡಿದರು. ನಾನು ಮಷಿನ್ ನಿಲ್ಲಿಸಿ ಕೇಳಿದೆ.

ಮಕ್ಕಳಿಗೆ ಆರಿಸುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಇಂಗ್ಲಿಷ್ ಮೀಡಿಯಂ ಮಗು ಒಂಬತ್ತು ವರ್ಷದ್ದು, ಅದರ ಕನ್ನಡ ಓದು ಆರು ವರ್ಷದ್ದು. ಅದರ ಓದಿಗೆ ಸರಿಯಾದ ಪುಸ್ತಕ ಕೊಟ್ಟರೆ ಚಿಕ್ಕ ಮಕ್ಕಳದು ಎಂದು ಮುಖ ತಿರುಗಿಸುತ್ತದೆ. ಪ್ರಥಮ್ ಬುಕ್ಸ್‌ನವರು ಪುಸ್ತಕಗಳಿಗೆ ಒಂದರಿಂದ ನಾಲ್ಕರವರೆಗೆ ಹಂತ ಕೊಟ್ಟಿರುತ್ತಾರೆ, ಅದು ನನಗೆ ತುಂಬಾ ಸಹಾಯ. ಆದರೆ ಹಂತ ಬರೆದ ಜಾಗಕ್ಕೆ ಬಟ್ಟೆಯ ತುಂಡು ಅಂಟಿಸಿಬಿಟ್ಟಿದ್ದೇನೆ. ಕೆಂಪು ಒಂದು, ಹಳದಿ ಎರಡು, ನನಗಷ್ಟೇ ಗೊತ್ತು. ಮತ್ತೆ ಓದಲಾಗದಿದ್ದರೂ ಬಾಯಲ್ಲಿ ನಿಲ್ಲುವಂಥದ್ದು ಬೇಕು. ಅದಕ್ಕೆ ರಾಜರತ್ನಂ ಅವರ ತುತ್ತೂರಿ, ಕುವೆಂಪು ಅವರ ಕಿಂದರಿಜೋಗಿ. ಇಲಿ ಕಾಟದ ಬೊಮ್ಮನಹಳ್ಳಿ ತುಂಗಾ ತೀರದಲ್ಲಿತ್ತು ಎಂದು ಶುರುವಾದರೆ, ನಮ್ಮ ಊರ ಮಕ್ಕಳು 'ಯಾವ ಕಡೆ, ಸೇತುವೆ ಹತ್ರಾನಾ?' ಎಂದು ಕೇಳುತ್ತಾರೆ.

ಕಣ್ಣಿನ ಆಪರೇಷನ್ ಆದ ಒಬ್ಬ ಹಿರಿಯರಿಗೆ ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'. ನಾಲ್ಕು ಸಾಲಿನ ಪದ್ಯ, ದಿನಕ್ಕೊಂದು ಸಾಕು. ಒಟ್ಟು 945 ಇವೆ, ಎರಡೂವರೆ ವರ್ಷಕ್ಕೆ ಚಿಂತೆಯಿಲ್ಲ ಎಂದರು ಅವರು.

ಎಷ್ಟೋ ಪುಸ್ತಕ ಮುಟ್ಟುವವರಿಲ್ಲದೆ ಕೂತಿರುತ್ತವೆ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಮೂರು ವರ್ಷ ಹಾಗೇ ಇತ್ತು. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ ಕತೆ, ಓದಲು ಅಷ್ಟು ಲವಲವಿಕೆ. ಆದರೂ ಗಿಡಗಳ ಹೆಸರು ನೋಡಿ ಪಾಠದ ಪುಸ್ತಕ ಎಂದು ಬಿಡುತ್ತಿದ್ದರು. ತೆಗೆದುಬಿಡಲಾ ಎಂದು ಯೋಚಿಸುತ್ತಿದ್ದಾಗ ಲೈಬ್ರರಿ ಕೆಲಸದಲ್ಲಿರುವ ಒಬ್ಬ ಗಿರಾಕಿ ಎಸ್.ಆರ್. ರಂಗನಾಥನ್ ಅವರ ಸೂತ್ರಗಳ ಬಗ್ಗೆ ಹೇಳಿದರು. ಬೆಂಗಳೂರಿನಲ್ಲಿ ಕೊನೆಯ ವರ್ಷಗಳನ್ನು ಕಳೆದ ಈ ಗ್ರಂಥಾಲಯದ ಮಹಾನುಭಾವರು 1931ರಲ್ಲೇ ಬರೆದಿದ್ದರಂತೆ: ಪ್ರತಿ ಓದುಗರಿಗೂ ಅವರ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗರು. ಎರಡನೆಯದನ್ನು ನಾನು ಯೋಚಿಸಿಯೇ ಇರಲಿಲ್ಲ. ಅದೇ ಮಳೆಗಾಲ, ತಾರಸಿ ಮೇಲೆ ಕುಂಡ ಇಟ್ಟುಕೊಂಡ ನಿವೃತ್ತ ಟೀಚರ್ ಒಬ್ಬರು ಸೀರೆಗೆ ಗೊಂಡೆ ಕಟ್ಟಿಸಲು ಬಂದರು. ಅವರ ಚೀಲದಲ್ಲಿ ಯಾರದೋ ಮನೆಯಿಂದ ಕಿತ್ತು ತಂದ ಒಂದು ಬೇರು ಇತ್ತು. ತಕ್ಷಣ ಪುಸ್ತಕ ಇಳಿಸಿ ಕೊಟ್ಟೆ. ಮೂರು ಸಲ ಒಯ್ದಿದ್ದಾರೆ.

ಪುಸ್ತಕ ಹರಿಯುವುದಂತೂ ಇದ್ದೇ ಇದೆ. ರಿಪೇರಿ ನಾನೇ ಮಾಡುತ್ತೇನೆ. ಬೆನ್ನು ಬಿಟ್ಟ ಪುಸ್ತಕಕ್ಕೆ ಲೈನಿಂಗ್ ಬಟ್ಟೆಯ ಎರಡು ಇಂಚು ಪಟ್ಟಿ. ನೇರ ಎಳೆಗೆ ಕತ್ತರಿಸಬೇಕು, ಕ್ರಾಸ್ ಕತ್ತರಿಸಿದರೆ ಬಟ್ಟೆ ಎಳೆದುಕೊಂಡು ರಟ್ಟು ಸೊಟ್ಟಗಾಗುತ್ತದೆ. ಮೈದಾ ಅಂಟು ತೆಳ್ಳಗೆ ಕಾಯಿಸಿ, ಆರಿದ ಮೇಲೆ ಬೆರಳಲ್ಲಿ ಹಚ್ಚಿ, ಮೇಲೆ ಇಸ್ತ್ರಿಪೆಟ್ಟಿಗೆ ತಣ್ಣಗಿರುವಾಗಲೇ ಭಾರಕ್ಕೆ ಇಟ್ಟು ಒಂದು ರಾತ್ರಿ ಬಿಡುತ್ತೇನೆ. ಬೈಂಡಿಂಗಿನವರು ಹುಳಕ್ಕೆ ಅಂಟಿನಲ್ಲಿ ಮೈಲುತುತ್ತ ಹಾಕುತ್ತಾರೆ. ನನ್ನಲ್ಲಿ ಮಕ್ಕಳು ಪುಟ ತಿರುವಲು ಬೆರಳು ನೆಕ್ಕುತ್ತಾರೆ, ಅದಕ್ಕೆ ನಾನು ಹಾಕುವುದಿಲ್ಲ. ಬದಲಿಗೆ ಪ್ರತಿ ಯುಗಾದಿಗೆ ಮುಂಚೆ ಎಲ್ಲ ಇಳಿಸಿ, ಕೊಡವಿ, ಒರೆಸಿ ಇಡುತ್ತೇನೆ.

ನನ್ನ ಅಂಗಡಿಯಲ್ಲಿ ಹುಕ್, ಹೆಮ್ಮಿಂಗ್ ಕೆಲಸ ಮಾಡುವವರಿಗೆ ಅಕ್ಷರ ಬರುವುದಿಲ್ಲ. ಕಪಾಟಿನ ಧೂಳು ಒರೆಸುವವರು ಅವರೇ. ಹೋದ ವರ್ಷ ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು, ಇದರಲ್ಲಿ ಏನಿರುತ್ತೆ ಎಂದು ಒಂದನ್ನು ಎತ್ತಿ ಹಿಡಿದರು. ಭೈರಪ್ಪನವರ 'ಗೃಹಭಂಗ'. ಬಾಗಿಲ ಬೆಳಕಿನಲ್ಲಿ ಕೂತು ಗಟ್ಟಿಯಾಗಿ ಓದಲು ಶುರು ಮಾಡಿದೆ. ಕರೆಂಟ್ ಹೋದಾಗಲೆಲ್ಲ ಅದೇ ನಡೆಯುತ್ತಿದೆ. ನಂಜಮ್ಮ ಮುತ್ತುಗದ ಎಲೆ ಹಚ್ಚಿ ಸಂಸಾರ ಸಾಗಿಸುವ ಭಾಗ ಬಂದಾಗ ಅವರ ಸೂಜಿ ನಿಂತಿತು. ಎಲೆ ಹಚ್ಚುವ ಕಡ್ಡಿ ಎಷ್ಟು ಸಣ್ಣಗೆ ಸೀಳಬೇಕು ಎಂದು ಬೆರಳಲ್ಲೇ ತೋರಿಸಿದರು. ತಮ್ಮ ತಾಯಿ ಮಾಡುತ್ತಿದ್ದರಂತೆ.

ಈಗ ಪ್ಲೇಗ್ ಊರಿಗೆ ಬರುವ ಅಧ್ಯಾಯ ಹತ್ತಿರವಾಗಿದೆ. ಮುಂದೇನಾಗುತ್ತದೆ ಎಂದು ನನಗೆ ಗೊತ್ತು. ನಿನ್ನೆ ಓದುತ್ತಿದ್ದಾಗ ಕರೆಂಟ್ ಬಂತು, ನಾನು ಪುಸ್ತಕ ಮುಚ್ಚಿ ಮಷಿನ್ ಹತ್ತಿರ ಎದ್ದೆ. ಅವರು ದಾರ ಹಲ್ಲಿನಲ್ಲಿ ಕತ್ತರಿಸಿ, 'ಆ ಮಕ್ಕಳು ದೊಡ್ಡವರಾಗ್ತಾರೆ ಅಲ್ವಾ ಅಕ್ಕಾ?' ಎಂದು ಕೇಳಿದರು.