ತಂತ್ರಾಂಶಕ್ಕೆ ಮನೆ ಹುಡುಕುವಾಗ ಮೊದಲು ಹಿತ್ತಿಲ ಬಾಗಿಲು ನೋಡಿ

ಶಿರಸಿಯ ನಾಲ್ವರು ಹುಡುಗರು ಅಡಿಕೆ ಲೆಕ್ಕದ ತಂತ್ರಾಂಶವೊಂದನ್ನು ಬರೆದು ಮುಕ್ತವಾಗಿ ಹಂಚಿದರು. ಚಾಲಿ ಎಷ್ಟು, ರಾಶಿ ಎಷ್ಟು, ಬೆಟ್ಟೆ ಎಷ್ಟು ಎಂದು ತೂಕ ಬರೆದಿಡುವ ಸರಳ ಕೆಲಸ ಅದರದು. ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ, ಇಟ್ಟಿದ್ದ ತಾಣದ ಖಾತೆ ಒಬ್ಬನ ಹೆಸರಿನಲ್ಲಿತ್ತು. ಮಳೆಗಾಲದಲ್ಲಿ ಅವನ ಮೊಬೈಲ್ ಹೊಳೆಯ ಪಾಲಾಯಿತು; ಲಾಗಿನ್ ಆಗಲು ಬೇಕಾದ ಎರಡನೇ ಸಂಕೇತವೂ ಅದರ ಜೊತೆಗೇ ಹೋಯಿತು. ತಮ್ಮದೇ ಕೋಡನ್ನು ನಾಲ್ವರೂ ಓದಬಹುದಿತ್ತು, ತಿದ್ದುವಂತಿರಲಿಲ್ಲ.

ನೀವೂ ಹೀಗೆ ತಂತ್ರಾಂಶವನ್ನು ತಾಣವೊಂದರಲ್ಲಿಟ್ಟು ಹಂಚುವುದಾದರೆ ಮೊದಲ ಹೆಜ್ಜೆ ಪರವಾನಗಿ: ಇತರರು ಅದನ್ನು ಹೇಗೆ ಬಳಸಬಹುದು, ತಿದ್ದಬಹುದು ಎಂದು ಹೇಳುವ ಕಡತ. ಆ ಕಡತವಿಲ್ಲದೆ ಕೋಡ್ ಎಲ್ಲರಿಗೂ ಕಂಡ ಮಾತ್ರಕ್ಕೆ ಮುಕ್ತವಾಗುವುದಿಲ್ಲ.

ಎರಡನೆಯದು ಕೋಡ್ ಇಡುವ ಜಾಗ. 2008ರಲ್ಲಿ ಶುರುವಾದ ಗಿಟ್‌ಹಬ್ 2018ರಿಂದ ಮೈಕ್ರೋಸಾಫ್ಟ್‌ನದು. ಹೆಚ್ಚಿನವರ ಖಾತೆ ಅಲ್ಲಿರುವುದರಿಂದ ಕೈಜೋಡಿಸುವವರು ಬೇಗ ಸಿಗುತ್ತಾರೆ. ಅಂಥದ್ದೇ ಇನ್ನೊಂದು ತಾಣ ಕೋಡ್‌ಬರ್ಗ್ ಬರ್ಲಿನ್‌ನ ಲಾಭರಹಿತ ಸಂಘದ್ದು. ಅದನ್ನು ನಡೆಸುವ ಫೋರ್ಜೆಜೊ ಕೂಡ ಮುಕ್ತ ತಂತ್ರಾಂಶವೇ. ನನ್ನನ್ನು ಕೇಳಿದರೆ ಮೂಲ ಕೋಡ್‌ಬರ್ಗ್‌ನಲ್ಲಿರಲಿ, ಪ್ರತಿ ಗಿಟ್‌ಹಬ್‌ನಲ್ಲಿರಲಿ. ಮನೆಯ ಹಳೇ ಕಂಪ್ಯೂಟರನ್ನೇ ಸರ್ವರ್ ಮಾಡುತ್ತೇನೆ ಎನ್ನುವವರು ಆಷಾಢದಲ್ಲಿ ಹದಿನೈದು ದಿನ ಕರೆಂಟು ಹೋದ ಹೊತ್ತು, ಬಂದ ಹೊತ್ತು ಬರೆದಿಟ್ಟುಕೊಂಡು ಆಮೇಲೆ ಮಾತಾಡಲಿ. ಜಿಪ್ ಕಡತವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರ ಬಗ್ಗೆ ಹೇಳುವುದಕ್ಕೇ ಬೇಸರ.

ಎಲ್ಲರೂ ಎಡವುವುದು ಮೂರನೆಯದರಲ್ಲಿ: ಆ ತಾಣವನ್ನು ಬಿಟ್ಟು ಹೊರಡುವ ತಾಲೀಮು. ಇಂಥದ್ದೇ ತಾಣ ಗೂಗಲ್ ಕೋಡ್ 2016ರಲ್ಲಿ ಬಾಗಿಲು ಹಾಕಿತು. ಇನ್ನೊಂದು ತಾಣ ಬಿಟ್‌ಬಕೆಟ್ 2020ರಲ್ಲಿ, ಕೋಡಿನ ಬದಲಾವಣೆಗಳ ದಾಖಲೆ ಇಡಲು ಗಿಟ್ ಬದಲು ಮರ್ಕ್ಯುರಿಯಲ್ ಎಂಬ ತಂತ್ರಾಂಶ ಬಳಸುವವರನ್ನು ಹೊರಗೆ ಕಳಿಸಿತು. ಆದ್ದರಿಂದ ಕೋಡ್ ಏರಿಸುವ ಮೊದಲೇ ಪರೀಕ್ಷೆಗೆಂದೇ ಒಂದು ಸುಳ್ಳು ಯೋಜನೆ ತೆರೆಯಿರಿ. ಮೂರು ದೋಷವರದಿ ಬರೆಯಿರಿ, ಒಂದಕ್ಕೆ ಚಿತ್ರ ಅಂಟಿಸಿ, ಇನ್ನೊಂದಕ್ಕೆ ಗೆಳೆಯನಿಂದ ಉತ್ತರ ಬರೆಸಿ. ನಕಲು ತೆಗೆಯುವ ಗಿಟ್ ಕ್ಲೋನ್ ಆದೇಶಕ್ಕೆ, ಏನೂ ಬಿಡದೆ ನಕಲಿಸುವ ಮಿರರ್ ಆಯ್ಕೆ ಸೇರಿಸಿ, ಎಲ್ಲವನ್ನೂ ಪೆನ್‌ಡ್ರೈವ್‌ಗೆ ಇಳಿಸಿ. ಅದನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ ನೋಡಿ. ಮೊದಲ ದಿನದ ಬದಲಾವಣೆಯಿಂದ ಹಿಡಿದು ಕೋಡಿನ ಇತಿಹಾಸ, ಶಾಖೆ (ಜೊತೆಜೊತೆಗೆ ಬೆಳೆಸಿದ ಬೇರೆ ರೂಪ), ಟ್ಯಾಗ್ (ಆವೃತ್ತಿಯ ಗುರುತು) ಎಲ್ಲ ಇರುತ್ತವೆ. ದೋಷವರದಿ ಒಂದೂ ಇರುವುದಿಲ್ಲ. ಅವು ಗಿಟ್‌ನೊಳಗೆ ಇರುವುದಲ್ಲ, ಆ ತಾಣದ ದತ್ತಸಂಚಯದಲ್ಲಿ ಇರುವುದು. ವರ್ಷಗಟ್ಟಲೆ ಬಳಕೆದಾರರು ಹೇಳಿದ ದೂರು, ನೀವು ಕೊಟ್ಟ ಕಾರಣ ಎಲ್ಲ ಅಲ್ಲೇ ಉಳಿಯುತ್ತವೆ. ಗಿಟ್‌ಹಬ್‌ನಲ್ಲಿ ವಿಕಿ ಪುಟಗಳು ಬೇರೆಯದೇ ಗಿಟ್ ಭಂಡಾರ. ಅದನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು.

ಈಗ ಎರಡನೇ ಜಾಗದ ಆಮದು ಸೌಲಭ್ಯದಿಂದ ಅದೇ ಯೋಜನೆಯನ್ನು ಎಳೆದುಕೊಳ್ಳಿ. ವರದಿಗಳ ಸಂಖ್ಯೆ ಹಾಗೆಯೇ ಉಳಿಯಿತೇ? ಗೆಳೆಯನ ಉತ್ತರದ ಮೇಲೆ ಅವನದೇ ಹೆಸರಿದೆಯೇ? ಚಿತ್ರ ಕಂಡಿತೆಂದು ಹಿಗ್ಗಬೇಡಿ, ಅದರ ಕೊಂಡಿಯನ್ನು ಓದಿ. ಹಳೇ ವಿಳಾಸವೇ ಇದ್ದರೆ ಆ ತಾಣ ಮುಚ್ಚಿದ ದಿನ ಚಿತ್ರವೂ ಮಾಯ. ಇನ್ನೊಂದು ಎಚ್ಚರಿಕೆ: ಮಿರರ್ ಪುಷ್ ಮಾಡುವಾಗ, ಅಂದರೆ ಆ ಪೂರ್ತಿ ನಕಲನ್ನು ಹೊಸ ಜಾಗಕ್ಕೆ ಏರಿಸುವಾಗ, ಅಲ್ಲಿನ ಭಂಡಾರ ಖಾಲಿ ಇರಲಿ. ಮೂಲದಲ್ಲಿಲ್ಲದ ಶಾಖೆ ಅಲ್ಲಿದ್ದರೆ ಕೇಳದೆ ಅಳಿಸಿಬಿಡುತ್ತದೆ.

ಕೊನೆಗೆ, ಯೋಜನೆಯನ್ನು ವ್ಯಕ್ತಿಯ ಖಾತೆಯಲ್ಲಿಡದೆ ಸಂಸ್ಥೆಯ ಖಾತೆ ತೆರೆದು ಇಬ್ಬರನ್ನು ಒಡೆಯರನ್ನಾಗಿ ಮಾಡಿ. ಮರುಪ್ರವೇಶದ ಸಂಕೇತಗಳನ್ನು ಕಾಗದದ ಮೇಲೆ ಮುದ್ರಿಸಿ ಎರಡು ಮನೆಗಳಲ್ಲಿಡಿ. ಆ ಹುಡುಗರ ಒಂದು ಪ್ರತಿ ಈಗ ಕಾರವಾರದ ಅತ್ತೆಯ ಮನೆಯಲ್ಲಿ, ಪಹಣಿ ಪತ್ರಗಳ ಜೊತೆ ಟ್ರಂಕಿನಲ್ಲಿದೆ.