ಹಳೇ ಜೀಪಿಗೆ ಗುಜರಿ ಗೇರ್‌ಬಾಕ್ಸ್: ಮುಚ್ಚಳ ಬಿಚ್ಚಿಸದೆ ದುಡ್ಡು ಕೊಡಬೇಡಿ

ಘಾಟಿ ಇಳಿಯುವಾಗ ಎರಡನೇ ಗೇರು ತಾನಾಗಿಯೇ ಹಾರಿ ನ್ಯೂಟ್ರಲ್ಲಿಗೆ ಬಿದ್ದರೆ ಎಂಥ ಪಳಗಿದ ಡ್ರೈವರನಿಗೂ ಎದೆ ಝಲ್ಲೆನ್ನುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಮೂರು ಗೇರಿನ ಹಳೇ ಪೆಟ್ರೋಲ್ ಜೀಪು ಇಟ್ಟುಕೊಂಡವರಿಗೆ ಈ ಕಾಯಿಲೆಯ ಪರಿಚಯ ಹೊಸದಲ್ಲ. ಮಹೀಂದ್ರಾದವರು 1947ರಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದರು. ಆಮೇಲೆ ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿಯನ್ನು ಇಲ್ಲೇ ತಯಾರಿಸಿದರು. ಅದರ ಹರಿಕೇನ್ ಇಂಜಿನ್ನಿನ ಹಿಂದೆ ಕೂತಿರುವುದು ಟಿ-90 ಎಂಬ ಗೇರ್‌ಬಾಕ್ಸ್. ಎರಕದ ಕಬ್ಬಿಣದ ಗಟ್ಟಿ ಪೆಟ್ಟಿಗೆ. ಸುಲಭಕ್ಕೆ ಹಾಳಾಗುವುದಿಲ್ಲ, ಹಾಳಾದರೆ ಷೋರೂಮಿನಲ್ಲಿ ಸಿಗುವುದೂ ಇಲ್ಲ. ಹಾಗಾಗಿ ಗುಜರಿಯೇ ಗತಿ.

ಗುಜರಿಯಲ್ಲಿ ಕೊಳ್ಳುವುದು ತಪ್ಪಲ್ಲ. ಕಣ್ಣು ಮುಚ್ಚಿ ಕೊಳ್ಳುವುದು ತಪ್ಪು. ನೂರು ರೂಪಾಯಿ ಕಡಿಮೆ ಮಾಡಿಸಲು ಅರ್ಧ ಗಂಟೆ ಚೌಕಾಸಿ ಮಾಡುವವರು ಮುಚ್ಚಳ ಬಿಚ್ಚಿ ಒಳಗೆ ನೋಡಲು ಹತ್ತು ನಿಮಿಷ ಕೊಡುವುದಿಲ್ಲ.

ಮೊದಲು ನಿಮ್ಮ ಪೆಟ್ಟಿಗೆ ನಿಜಕ್ಕೂ ಕೆಟ್ಟಿದೆಯೇ ನೋಡಿ

ಗೇರ್ ಹಾಕುವಾಗ ಕರಕರ ಅಂದರೆ ಅದು ಗೇರ್‌ಬಾಕ್ಸಿನದೇ ತಪ್ಪು ಎನ್ನುವಂತಿಲ್ಲ. ಕ್ಲಚ್ ಪೂರ್ತಿ ಬಿಡುತ್ತಿಲ್ಲದಿದ್ದರೂ ಅದೇ ಸದ್ದು ಬರುತ್ತದೆ. ಗಾಡಿ ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗ ಕ್ಲಚ್ ತುಳಿದು ನಾಲ್ಕೈದು ಸೆಕೆಂಡ್ ಕಾಯಿರಿ, ನಂತರ ರಿವರ್ಸ್ ಹಾಕಿ. ಆಗಲೂ ಕಿರುಚಿದರೆ ಮೊದಲು ಕ್ಲಚ್ ನೋಡಿಸಿ. ನ್ಯೂಟ್ರಲ್ಲಿನಲ್ಲಿ ಸದ್ದು ಬಂದು, ಕ್ಲಚ್ ತುಳಿದ ಕೂಡಲೇ ನಿಂತರೆ ಪೆಟ್ಟಿಗೆಯ ಮುಂದಿನ ಬೇರಿಂಗ್ ಅಥವಾ ಕೌಂಟರ್ ಶಾಫ್ಟಿನ (ತಳದಲ್ಲಿ ಗೇರುಗಳ ಗೊಂಚಲು ಹೊತ್ತ ಶಾಫ್ಟು) ಮೇಲೆ ಅನುಮಾನ. ತುಳಿದಾಗ ಮಾತ್ರ ಬರುವ ಸದ್ದು ಕ್ಲಚ್ಚನ್ನು ಒತ್ತುವ ರಿಲೀಸ್ ಬೇರಿಂಗಿನದೋ ಪೆಟ್ಟಿಗೆಯ ಮುಂದಿನ ಶಾಫ್ಟಿನ ಮೂತಿ ಕೂರುವ ಪೈಲಟ್ ಬುಶ್ಶಿನದೋ ಇರುತ್ತದೆ. ಒಂದು, ಎರಡರಲ್ಲಿ ಗೊರಗೊರ ಅಂದು ಮೂರನೆಯದರಲ್ಲಿ ತಣ್ಣಗಾದರೆ ಕೌಂಟರ್ ಶಾಫ್ಟಿನ ಹಲ್ಲುಗಳೇ ತಪ್ಪಿತಸ್ಥರು. ಮೂರನೇ ಗೇರು ನೇರವಾದದ್ದು, ಅದರಲ್ಲಿ ಕೌಂಟರ್ ಶಾಫ್ಟ್ ಭಾರ ಹೊರದೆ ಸುಮ್ಮನೆ ತಿರುಗುತ್ತದೆ.

ಎರಡನೇ ಗೇರು ಹಾರುವುದಕ್ಕೂ ಹಲವು ಕಾರಣಗಳಿವೆ. ಗೇರ್‌ಬಾಕ್ಸಿನ ಬೋಲ್ಟು ಸಡಿಲಾಗಿರಬಹುದು, ಲಿವರ್ ಕೂರುವ ಮೇಲಿನ ಟವರು ಸವೆದಿರಬಹುದು, ಒಳಗಿನ ಪುಟ್ಟ ಸ್ಪ್ರಿಂಗು ಸೋತಿರಬಹುದು. ಸ್ಪ್ರಿಂಗ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಪೆಟ್ಟಿಗೆ ಹೊತ್ತು ತರುವುದು ಬೇಡ.

ಯಾವುದು ಬೇಕು ಎಂಬುದನ್ನು ಬರೆದುಕೊಂಡು ಹೊರಡಿ

ಅಂಗಡಿಯಲ್ಲಿ "ಜೀಪ್ ಗೇರ್‌ಬಾಕ್ಸ್" ಎಂದು ಕೇಳಿದರೆ ಮೂರು ಬಗೆಯವು ಕೈಗೆ ಬರಬಹುದು. ಎರಡನೇ ಮಹಾಯುದ್ಧದ ಮಿಲಿಟರಿ ಜೀಪುಗಳಲ್ಲಿದ್ದದ್ದು ಟಿ-84, ಇದು ಟಿ-90ಗಿಂತ ಸಣ್ಣದು, ನಾಜೂಕಿನದು. ಎರಡನೆಯದು ನಮಗೆ ಬೇಕಾದ ಟಿ-90. ಮೂರನೆಯದು ನಂತರದ ಮಹೀಂದ್ರಾ ಡೀಸೆಲ್ ಜೀಪುಗಳಲ್ಲಿ ಬಂದ ನಾಲ್ಕು ಗೇರಿನ ಕೆಎಂಟಿ-90. ಹೆಸರಿನಲ್ಲಿ ತೊಂಬತ್ತು ಕೇಳಿದ ಮಾತ್ರಕ್ಕೆ ಬುಕ್ ಮಾಡಿ ಕೈಸುಟ್ಟುಕೊಳ್ಳಬೇಡಿ. ಪೆಟ್ಟಿಗೆಯ ಪಕ್ಕದಲ್ಲಿ ಎರಕದಲ್ಲೇ ಮೂಡಿರುವ ಅಕ್ಷರವನ್ನು ಓದಿ. ಕೆಸರು, ಗ್ರೀಸು ಮೆತ್ತಿರುತ್ತದೆ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಕಾಣುತ್ತದೆ.

ಇನ್ನೊಂದು ಜಗಳದ ಜಾಗ ಇನ್‌ಪುಟ್ ಶಾಫ್ಟ್, ಅಂದರೆ ಕ್ಲಚ್ಚಿನಿಂದ ಪೆಟ್ಟಿಗೆಯೊಳಗೆ ಹೋಗುವ ಮುಂದಿನ ಶಾಫ್ಟು. ಬೇರೆ ಬೇರೆ ಇಂಜಿನ್ನಿಗೆ ಮಾಡಿದ ಟಿ-90ಗಳಲ್ಲಿ ಇದರ ಉದ್ದ ಬೇರೆ ಬೇರೆ. ಅಲ್ಲದೆ ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಕೂರಿಸಿದ ಜೀಪಿನಿಂದ ಬಂದ ಪೆಟ್ಟಿಗೆಯಾದರೆ ಶಾಫ್ಟಿನ ಮೂತಿಯನ್ನು ಲೇತಿನಲ್ಲಿ ಕಡಿದಿರುವ ಸಾಧ್ಯತೆಯೂ ಉಂಟು. ಆದ್ದರಿಂದ ಮನೆಯಿಂದ ಹೊರಡುವಾಗ ಈ ವಸ್ತುಗಳು ಚೀಲದಲ್ಲಿರಲಿ: ನಿಮ್ಮ ಹಳೇ ಕ್ಲಚ್ ಪ್ಲೇಟು, ಹೊಸ ಪೈಲಟ್ ಬುಶ್, ಅಳತೆಗೆ ವರ್ನಿಯರ್, ಸಂದಿ ಅಳೆಯುವ ಫೀಲರ್ ಗೇಜು, ಟಾರ್ಚು, ಒಂದು ಅಯಸ್ಕಾಂತ, ಸೀಮೆಸುಣ್ಣ. ಕ್ಲಚ್ ಪ್ಲೇಟನ್ನು ಅಲ್ಲೇ ಶಾಫ್ಟಿನ ಸ್ಪ್ಲೈನಿಗೆ (ಉದ್ದುದ್ದ ಗಾಡಿಗಳಿರುವ ಭಾಗ) ತೂರಿಸಿ ನೋಡಿ. ತಡೆಯಿಲ್ಲದೆ ಜಾರಬೇಕು, ಆದರೆ ಗಡಗಡ ಅಲುಗಬಾರದು. ಬುಶ್ಶು ಮೂತಿಗೆ ಸರಿಯಾಗಿ ಕೂರಬೇಕು. ಅಳತೆ ಹೇಳಿ ವಾದ ಮಾಡುವುದಕ್ಕಿಂತ ಇದು ಸಲೀಸು.

ಎಲ್ಲಿ ಹುಡುಕುವುದು

ಬೆಂಗಳೂರಿನಲ್ಲಿ ಶಿವಾಜಿನಗರದ ಗುಜರಿ ಸಾಲು, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಎಲ್ಲರಿಗೂ ಗೊತ್ತು. ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ, ಜೀಪು ಕಟ್ಟುವುದಕ್ಕೇ ಹೆಸರಾದ ಹರಿಯಾಣದ ಮಂಡಿ ಡಬ್ವಾಲಿ ದೂರದ ಆಯ್ಕೆಗಳು. ನನ್ನ ಪ್ರಕಾರ ಇವೆಲ್ಲಕ್ಕಿಂತ ಒಳ್ಳೆಯ ಜಾಗ ಪಕ್ಕದೂರಿನ ತೋಟದ ಶೆಡ್ಡು. ಅಲ್ಲಿ ಪೆಟ್ಟಿಗೆ ಇನ್ನೂ ಗಾಡಿಯಲ್ಲೇ ಇರುತ್ತದೆ, ಅದು ಓಡಿದ್ದನ್ನು ಕಂಡವರೂ ಇರುತ್ತಾರೆ. ಗಾಡಿ ಚಾಲೂ ಸ್ಥಿತಿಯಲ್ಲಿದ್ದರೆ ಓಡಿಸಿಯೇ ನೋಡಿ: ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಹೋಗುತ್ತಾ ಥಟ್ಟನೆ ಆಕ್ಸಿಲರೇಟರ್ ಬಿಡಿ. ಹಾರುವ ಗೇರಾದರೆ ಆಗಲೇ ಹಾರುತ್ತದೆ.

ಫೋನಿನಲ್ಲಿ ನೋಡಿ ದೂರದಿಂದ ತರಿಸುವವರು ಹೊರಗಿನ ಬಣ್ಣದ ಫೋಟೊ ಕೇಳಬೇಡಿ. ಮುಚ್ಚಳ ತೆಗೆದ ಮೇಲಿನ ಹಲ್ಲುಗಳ ಫೋಟೊ, ಶಾಫ್ಟ್ ಕೈಯಲ್ಲಿ ಅಲುಗಿಸುವ ವಿಡಿಯೊ ಕೇಳಿ. ಕೊಡುವುದಿಲ್ಲ ಎಂದರೆ ಬಿಟ್ಟುಬಿಡಿ.

ಬಿಚ್ಚುವ ಮುಂಚೆ

ಗುಜರಿಯವರು ಹೊಡೆದ ಹೊಸ ಕಪ್ಪು ಬಣ್ಣಕ್ಕೆ ಮರುಳಾಗಬೇಡಿ. ಬಿರುಕು ಮುಚ್ಚಲು ಬಣ್ಣದಷ್ಟು ಅಗ್ಗದ ಸಾಮಾನು ಬೇರೆ ಇಲ್ಲ. ಇಂಜಿನ್ ಕಡೆಯ ಬೋಲ್ಟು ಕೂರುವ ಕಿವಿಗಳು ಮತ್ತು ತಳಭಾಗ, ಇವೆರಡೇ ಹೆಚ್ಚಾಗಿ ಒಡೆಯುವ ಜಾಗ. ಅನುಮಾನ ಬಂದಲ್ಲಿ ಬಣ್ಣ ಕೆರೆದು, ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗಿನ ಎಣ್ಣೆ ಹೊರಬಂದು ಸುಣ್ಣದ ಮೇಲೆ ಕೂದಲೆಳೆಯಂಥ ಗೆರೆ ಮೂಡುತ್ತದೆ.

ಹಿಂಬದಿಯಲ್ಲಿ ಕೌಂಟರ್ ಶಾಫ್ಟ್ ಮತ್ತು ರಿವರ್ಸ್ ಶಾಫ್ಟಿನ ತುದಿಗಳನ್ನು ಒಟ್ಟಿಗೆ ಹಿಡಿದಿಡುವ ಸಣ್ಣ ಲಾಕ್ ಪಟ್ಟಿ ಇರುತ್ತದೆ. ಅದಿಲ್ಲದ ಪೆಟ್ಟಿಗೆಯಲ್ಲಿ ಶಾಫ್ಟೇ ತಿರುಗಿ ತಿರುಗಿ ಎರಕದ ತೂತನ್ನು ದೊಡ್ಡದು ಮಾಡಿರಬಹುದು. ಅಂಥದ್ದು ಆಯಿಲ್ ಹಿಡಿದಿಟ್ಟುಕೊಳ್ಳುವುದಿಲ್ಲ.

ಈಗ ಲೆಕ್ಕದ ಪರೀಕ್ಷೆ. ಇದು ನನಗೆ ಬಹಳ ಇಷ್ಟ, ಏಕೆಂದರೆ ಹಲ್ಲಿನ ಲೆಕ್ಕ ಸುಳ್ಳು ಹೇಳುವುದಿಲ್ಲ. ಹಿಂದಿನ ಮೇನ್ ಶಾಫ್ಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಮಾಡಿ. ಲಿವರಿನಲ್ಲಿ ಒಂದನೇ ಗೇರು ಹಾಕಿ. ಜೀಪಿನಲ್ಲಿ ಎಡಕ್ಕೆ ಮೇಲೆ ರಿವರ್ಸ್, ಎಡಕ್ಕೆ ಕೆಳಗೆ ಒಂದನೇದು, ಬಲಕ್ಕೆ ಮೇಲೆ ಎರಡು, ಕೆಳಗೆ ಮೂರು. ಒಬ್ಬರು ಮುಂದಿನ ಶಾಫ್ಟನ್ನು ಕೈಯಲ್ಲಿ ನಿಧಾನ ತಿರುಗಿಸಲಿ, ಇನ್ನೊಬ್ಬರು ಹಿಂದೆ ಎಣಿಸಲಿ. ಟಿ-90ರ ಒಂದನೇ ಗೇರಿನ ಅನುಪಾತ 2.798. ಅಂದರೆ ಮುಂದೆ 14 ಸುತ್ತಿಗೆ ಹಿಂದೆ ಸರಿಯಾಗಿ 5 ಸುತ್ತು. ರಿವರ್ಸಿನಲ್ಲಿ 3.798, ಮುಂದೆ 19 ಸುತ್ತಿಗೆ ಹಿಂದೆ ಉಲ್ಟಾ 5. ಎರಡನೆಯದು 1.551, ಮೂರನೆಯದು ಸಮಸಮ. ಒಂದನೇ ಗೇರಿನಲ್ಲಿ 8 ಸುತ್ತಿಗೇ ಹಿಂದೆ 3 ಸುತ್ತು ಮುಗಿದರೆ ನಿಮ್ಮ ಮುಂದಿರುವುದು ಟಿ-84. ತಿರುಗಿಸುವಾಗ ಕೈಯನ್ನೂ ಕೇಳಿ. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಟಕ್ ಎಂದು ತಡೆದರೆ ಎಲ್ಲೋ ಒಂದು ಹಲ್ಲು ಮುಕ್ಕಾಗಿದೆ. ಉಸುಕು ತುಂಬಿದಂತೆ ತಿರುಗಿದರೆ ಬೇರಿಂಗು ತುಕ್ಕು ಹಿಡಿದಿದೆ.

ಮುಚ್ಚಳ ತೆಗೆಸುವ ಮಾತುಕತೆ

ಇಲ್ಲಿ ವ್ಯಾಪಾರಿ ಹೇಳುವ ಮಾತು ಹೆಚ್ಚುಕಡಿಮೆ ಎಲ್ಲ ಊರಲ್ಲೂ ಒಂದೇ: "ಓಪನ್ ಮಾಡಿದ್ರೆ ಗ್ಯಾಸ್ಕೆಟ್ ಹಾಳಾಗುತ್ತೆ ಸಾರ್, ಗ್ಯಾರಂಟಿ ಮಾಲು." ಉತ್ತರವೂ ಸಿದ್ಧವಿರಲಿ: "ಗ್ಯಾಸ್ಕೆಟ್ ದುಡ್ಡು ನಾನೇ ಕೊಡ್ತೀನಿ ಅಣ್ಣಾ, ಬಿಚ್ಚೋಣ." ಪೇಪರ್ ಗ್ಯಾಸ್ಕೆಟ್ಟಿಗೆ ಎಷ್ಟು ಮಹಾ ಖರ್ಚು? ಇದಕ್ಕೂ ಒಪ್ಪದವನ ಹತ್ತಿರ ಬೆಲೆ ಕೇಳುವ ಅಗತ್ಯವೂ ಇಲ್ಲ.

ಪೆಟ್ಟಿಗೆಯಲ್ಲಿ ಆಯಿಲ್ ಇದ್ದರೆ ಮೊದಲು ಕೆಳಗಿನ ಪ್ಲಗ್ಗು ಬಿಚ್ಚಿ ತಟ್ಟೆಗೆ ಹಿಡಿಯಿರಿ. ಹಾಲು ಬೆರೆಸಿದ ಬಣ್ಣವಿದ್ದರೆ ನೀರು ಹೊಕ್ಕಿದೆ. ಹಳ್ಳ ದಾಟುವ ಜೀಪುಗಳಲ್ಲಿ ಇದು ಮಾಮೂಲು, ಆದರೆ ಬೇರಿಂಗುಗಳನ್ನೆಲ್ಲ ಬದಲಿಸಬೇಕಾಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಬಂಗಾರದ ಧೂಳಿನಂತೆ ಮಿನುಗಿದರೆ ಗೇರು ಸದ್ದಿಲ್ಲದೆ ಕೂರಲು ನೆರವಾಗುವ ಹಿತ್ತಾಳೆ ರಿಂಗು ಸವೆದದ್ದು. ಸ್ವಲ್ಪವಿದ್ದರೆ ಗಾಬರಿ ಬೇಡ. ಅಯಸ್ಕಾಂತಕ್ಕೆ ಉಕ್ಕಿನ ಚೂರು ಅಂಟಿಕೊಂಡು ಬಂದರೆ ಮಾತ್ರ ಹಲ್ಲು ಮುರಿದಿದೆ ಎಂದೇ ತಿಳಿಯಿರಿ. ಮರದ ಪುಡಿಯೋ ಅಂಟಂಟು ಗ್ರೀಸೋ ಸಿಕ್ಕಿದರೆ ಯಾರೋ ಸದ್ದು ಅಡಗಿಸಲು ತುಂಬಿದ್ದು. ಹಳೇ ಉಪಾಯ, ಇನ್ನೂ ನಡೆಯುತ್ತದೆ.

ಮುಚ್ಚಳ ಎತ್ತುವ ಮುಂಚೆ ಗೇರು ನ್ಯೂಟ್ರಲ್ಲಿನಲ್ಲಿರಲಿ, ಇಲ್ಲದಿದ್ದರೆ ಗೇರನ್ನು ಸರಿಸುವ ಕವೆ, ಅಂದರೆ ಫೋರ್ಕು ಸಿಕ್ಕಿಕೊಳ್ಳುತ್ತದೆ. ನೆಲದ ಲಿವರಿನ ಟಿ-90ರಲ್ಲಿ ಎರಡೂ ಫೋರ್ಕುಗಳು ಮುಚ್ಚಳದ ಜೊತೆಗೇ ಮೇಲೆ ಬರುತ್ತವೆ. ಅವುಗಳ ತುದಿ ಒಂದು ಪಕ್ಕಕ್ಕೆ ಓರೆಯಾಗಿ ಸವೆದಿದ್ದರೆ ಗೇರು ಹಾರಿದ ಇತಿಹಾಸವಿದೆ. ಫೋರ್ಕುಗಳನ್ನು ಹೊತ್ತ ಎರಡು ಕಂಬಿಗಳ ನಡುವೆ ಒಂದು ಪಿನ್ನು ಇರಬೇಕು. ಒಂದು ಕಂಬಿ ಸರಿಸಿದಾಗ ಇನ್ನೊಂದು ಅಲುಗದಂತೆ ಅದು ತಡೆಯುತ್ತದೆ. ಎರಡನ್ನೂ ಒಟ್ಟಿಗೆ ಸರಿಸಲು ನೋಡಿ. ಸರಿದರೆ ಪಿನ್ನು ಬಿದ್ದುಹೋಗಿದೆ, ಓಡುವಾಗ ಎರಡು ಗೇರು ಒಮ್ಮೆಗೇ ಬಿದ್ದು ಪೆಟ್ಟಿಗೆ ಜಾಮ್ ಆಗುತ್ತದೆ. ಇದು ಚಿಲ್ಲರೆ ರಿಪೇರಿ, ಆದರೆ ಗೊತ್ತಿರಬೇಕು.

ಇನ್ನು ಒಳಗೆ ಟಾರ್ಚು ಬಿಡಿ. ಒಂದನೇ ಗೇರಿಗೂ ರಿವರ್ಸಿಗೂ ಜಾರುವ ಗೇರು ಒಂದೇ. ಅದಕ್ಕೆ ಸಿಂಕ್ರೊಮೆಶ್ (ಹಲ್ಲು ಕೂಡುವ ಮೊದಲು ವೇಗ ಸರಿಹೊಂದಿಸುವ ವ್ಯವಸ್ಥೆ) ಇಲ್ಲ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಒಂದನೇದಕ್ಕೆ ತಳ್ಳುವ ಅವಸರದ ಡ್ರೈವರುಗಳು ಅದರ ಹಲ್ಲಿನ ಮೂಲೆಗಳನ್ನು ಕಡಿದು ಕಡಿದು ದುಂಡಗೆ ಮಾಡಿರುತ್ತಾರೆ. ಮೂಲೆ ಸ್ವಲ್ಪ ದುಂಡಗಾಗಿದ್ದರೆ ನಡೆಯುತ್ತದೆ. ಹಲ್ಲಿನ ಅಗಲದ ಕಾಲು ಭಾಗ ಹೋಗಿದ್ದರೆ ಬೇಡ. ಅದರ ಜೋಡಿಯಾಗಿ ಕೆಳಗಿರುವ ಕೌಂಟರ್ ಗೇರಿನ ಗೊಂಚಲನ್ನು ಸುತ್ತ ತಿರುಗಿಸಿ ಒಂದೊಂದೇ ಹಲ್ಲು ನೋಡಿ. ಮೇಲೆ ಹೊಳಪಿದ್ದರೆ ಒಳ್ಳೆಯದು, ಸಿಡುಬಿನ ಕಲೆಯಂಥ ಗುಳಿಗಳಿದ್ದರೆ ಗಟ್ಟಿ ಪದರ ಕಿತ್ತುಬಂದಿದೆ. ಈ ಗೊಂಚಲು ಒಂದೇ ತುಂಡು. ಒಂದು ಹಲ್ಲು ಹೋದರೂ ಇಡೀ ತುಂಡನ್ನೇ ಬದಲಿಸಬೇಕು, ಪೆಟ್ಟಿಗೆಯಲ್ಲಿ ದುಬಾರಿ ಭಾಗವೂ ಇದೇ. ಇದನ್ನು ಹಿಂದಕ್ಕೆ ಮುಂದಕ್ಕೆ ತಳ್ಳಿ ಫೀಲರ್ ಗೇಜಿನಲ್ಲಿ ಅಳೆಯಿರಿ. 0.30ರಿಂದ 0.45 ಮಿ.ಮೀ. ಆಟವಿದ್ದರೆ ಸರಿ. ಹೆಚ್ಚಿದ್ದರೆ ಪಕ್ಕದ ವಾಷರು ಸವೆದಿದೆ, ಅದನ್ನು ಬದಲಿಸಬಹುದು.

ಎರಡು ಮತ್ತು ಮೂರನೇ ಗೇರಿನ ಹಿತ್ತಾಳೆ ರಿಂಗುಗಳನ್ನು ಬೆರಳಿನಲ್ಲಿ ಕೋನಿನ ಮೇಲೆ ಒತ್ತಿ ತಿರುಗಿಸಿ. ಕಚ್ಚಿ ಹಿಡಿಯಬೇಕು. ಜಾರಿದರೆ ರಿಂಗು ಮುಗಿದಿದೆ. ರಿಂಗು, ಬೇರಿಂಗು, ಸೀಲುಗಳು ಹೊಸವೇ ಸಿಗುತ್ತವೆ, ಅವುಗಳ ಸವೆತಕ್ಕೆ ಬೆಲೆ ಇಳಿಸಿ ಕೊಳ್ಳಿ. ಹಲ್ಲಿನ ಸವೆತಕ್ಕೆ ಚೌಕಾಸಿ ಮಾಡಬೇಡಿ, ವಾಪಸ್ ಬನ್ನಿ. ಕೊನೆಗೆ ಮೇನ್ ಶಾಫ್ಟಿನ ಹಿಂದಿನ ಸ್ಪ್ಲೈನು ನೋಡಿ. ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಗೇರು ಅಲ್ಲಿ ಒಂದು ದೊಡ್ಡ ನಟ್ಟಿನಲ್ಲಿ ಬಿಗಿಯಾಗಿರುತ್ತದೆ. ನಟ್ಟು ಸಡಿಲಾಗಿ ಓಡಿದ್ದರೆ ಸ್ಪ್ಲೈನಿನ ಅಂಚುಗಳು ಮೆಟ್ಟಿಲಿನಂತೆ ಸವೆದಿರುತ್ತವೆ.

ದುಡ್ಡು, ಕಾಗದ

ಆರ್‌ಸಿಯಲ್ಲಿ ಬರೆದಿರುವುದು ಇಂಜಿನ್ ಮತ್ತು ಚಾಸಿ ನಂಬರು. ಹಾಗೆಂದು ರಶೀದಿ ಇಲ್ಲದೆ ತರಬೇಡಿ. ಕದ್ದ ಗಾಡಿಯ ಮಾಲು ಗುಜರಿಗೆ ಬರುವುದಿಲ್ಲ ಎನ್ನಲಾಗದು. ರಶೀದಿಯಲ್ಲಿ "ಹಲ್ಲು ಮುರಿದಿದ್ದರೆ ವಾಪಸ್" ಎಂದು ದಿನಗಳ ಗಡುವಿನ ಸಮೇತ ಬರೆಸಿಕೊಳ್ಳಿ.

50 ವರ್ಷ ದಾಟಿದ ಜೀಪನ್ನು ವಿಂಟೇಜ್ ಎಂದು ನೋಂದಾಯಿಸುವ ಯೋಚನೆಯಿದ್ದರೆ ಇನ್ನೊಂದು ವಿಷಯ. 2021ರ ಕೇಂದ್ರದ ನಿಯಮದ ಪ್ರಕಾರ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಐದು ಗೇರಿನ ಪೆಟ್ಟಿಗೆ ಕೂರಿಸಲು ನೆಲ ಕತ್ತರಿಸಿ, ಚಾಸಿಯ ಅಡ್ಡಪಟ್ಟಿ (ಕ್ರಾಸ್ ಮೆಂಬರ್) ಸರಿಸುವ ಉತ್ಸಾಹಿಗಳು ಇದನ್ನು ನೆನಪಿಟ್ಟುಕೊಳ್ಳಿ. ಟಿ-90 ತೆಗೆದ ಜಾಗಕ್ಕೆ ಟಿ-90 ಕೂರಿಸುವುದೇ ಕಿರಿಕಿರಿಯಿಲ್ಲದ ದಾರಿ.

ತಂದ ಮೇಲೆ

ಹೊರಿಸುವಾಗ ಲಿವರ್ ಹಿಡಿದು ಎತ್ತಬೇಡಿ. ತೂತುಗಳಿಗೆ ಬಟ್ಟೆ ತುರುಕಿ, ಮಳೆ ಬೀಳದಂತೆ ತನ್ನಿ. ಒಳಗೆಲ್ಲ ಡೀಸೆಲಿನಲ್ಲಿ ತೊಳೆದು ಸೀಲು, ಗ್ಯಾಸ್ಕೆಟ್ಟು ಹೊಸದು ಹಾಕಿಸಿ. ಪೆಟ್ಟಿಗೆ ಕೆಳಗಿಳಿದಿರುವಾಗಲೇ ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಪೈಲಟ್ ಬುಶ್ ಬದಲಿಸಿಬಿಡಿ. ಎರಡು ಸಲ ಕೂಲಿ ಯಾಕೆ?

ಆಯಿಲಿನ ವಿಷಯದಲ್ಲಿ ಅಂಗಡಿಯವರು "ಇದು ಇನ್ನೂ ಮೇಲಿನ ದರ್ಜೆ" ಎಂದು ಜಿಎಲ್-5 ಕೊಡಲು ನೋಡುತ್ತಾರೆ. ಅದರಲ್ಲಿರುವ ಗಂಧಕದ ಅಂಶ ಹಿತ್ತಾಳೆ ರಿಂಗುಗಳಿಗೆ ಒಳ್ಳೆಯದಲ್ಲ. ಜಿಎಲ್-4 ದರ್ಜೆಯ 90 ನಂಬರಿನ ಆಯಿಲ್ ಕೇಳಿ. ಗೇರ್‌ಬಾಕ್ಸಿಗೆ ಸುಮಾರು 1.2 ಲೀಟರ್, ಟ್ರಾನ್ಸ್‌ಫರ್ ಕೇಸಿಗೆ ಸುಮಾರು 1.5 ಲೀಟರ್ ಹಿಡಿಯುತ್ತದೆ. ಪಕ್ಕದ ಪ್ಲಗ್ಗಿನ ತೂತಿನ ಮಟ್ಟಕ್ಕೆ ನಿಲ್ಲಿಸಿ. ಈ ಎರಡು ಪೆಟ್ಟಿಗೆಗಳ ನಡುವೆ ಶಾಫ್ಟಿನ ಪಕ್ಕದಿಂದ ಆಯಿಲ್ ಆಚೀಚೆ ಹರಿಯುವುದು ಈ ಜೀಪಿನ ಹುಟ್ಟುಗುಣ. ಒಂದು ತುಂಬಿ ತುಳುಕುತ್ತಿದ್ದರೆ ಇನ್ನೊಂದು ಒಣಗಿರಬಹುದು, ಹಾಗಾಗಿ ಮೊದಲ ಕೆಲವು ವಾರ ಎರಡರ ಪ್ಲಗ್ಗನ್ನೂ ಬಿಚ್ಚಿ ನೋಡುತ್ತಿರಿ. ಮೊದಲು ತುಂಬಿದ ಆಯಿಲನ್ನು ಐನೂರು ಕಿಲೋಮೀಟರಿಗೆ ಇಳಿಸಿ, ಅಯಸ್ಕಾಂತವನ್ನು ಇನ್ನೊಮ್ಮೆ ಅದರಲ್ಲಿ ಆಡಿಸಿ ನೋಡಿ.